ನೂರು ನಮೂನೆಯ ಲಗ್ನಪತ್ರಿಕೆ

ನಮ್ಮ ಪ್ರೆಸ್ಸಿಗೆ ಎಐ ಅನ್ನೋ ಹೊಸ ಯಂತ್ರ ಬಂತು. ನಿಮಿಷಕ್ಕೆ ನೂರು ನಮೂನೆಯ ಲಗ್ನಪತ್ರಿಕೆ ಮಾಡಿ ತೋರಿಸುತ್ತಿತ್ತು. ಗಿರಾಕಿಗಳಿಗೆ ನಮೂನೆ ತೋರಿಸುವ ಕೆಲಸ ನನ್ನ ಹೆಂಡತಿ ಸರ್ವಮಂಗಳಳದು.

ಯಜಮಾನ ಸಿದ್ದವೀರಪ್ಪನವರು ಅವಳನ್ನು ಕರೆದರು. "ನಾಳೆಯಿಂದ ನೀನು ಬೇಡಮ್ಮ. ಇದು ಹತ್ತು ಜನರ ಕೆಲಸ ಮಾಡುತ್ತೆ."

"ಆಗಲಿ ಯಜಮಾನ್ರೆ. ಇವತ್ತೊಂದಿನ ನೀವೇ ಕೂತು ಎಲ್ಲಾ ತೋರಿಸಿ. ನೋಡ್ಕೊಂಡು ಹೋಗ್ತೀನಿ."

ಒಂದು ಮದುವೆ ಮನೆಯವರು ಅಜ್ಜಿ ಸಮೇತ ಬಂದರು. ಯಜಮಾನರು ನೂರು ತೋರಿಸಿದರು. ಸೋದರಮಾವನಿಗೆ ನವಿಲಿನ ಚಿತ್ರ ಬೇಕು. ಅತ್ತೆಗೆ ಆನೆಯೇ ಆಗಬೇಕು. ಇನ್ನೂ ನೂರು ತೋರಿಸಿದರು. ಜಗಳ ಹೆಚ್ಚಿತು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ. ಹೊರಗೆ ಬೇರೆ ಗಿರಾಕಿಗಳು ಕಾಯುತ್ತಿದ್ದರು.

ಯಜಮಾನರು ಬೆವತುಹೋದರು. "ಬಾರಮ್ಮ ತಾಯಿ, ನೀನೇ ಬಿಡಿಸು!"

ಅವಳು ಯಂತ್ರ ನಿಲ್ಲಿಸಿದಳು. ಮೂರೇ ಕಾರ್ಡ್ ತೆಗೆದು ಅಜ್ಜಿಯ ಕೈಗೆ ಕೊಟ್ಟಳು. "ಹಿರಿಯರು, ನೀವು ಹೇಳಿ ಅಜ್ಜಿ." ಅಜ್ಜಿ ಒಂದನ್ನು ಎತ್ತಿ ಹಿಡಿದರು. ಮಾವನೂ ಅತ್ತೆಯೂ ಅದಕ್ಕೇ ಒಪ್ಪಿ ಊಟಕ್ಕೆ ಎದ್ದರು.

ಅವಳ ಕೆಲಸ ಉಳಿಯಿತು.

"ಯಂತ್ರ ಬಂದರೆ ಕೆಲಸ ಕಡಿಮೆ ಆಗಬೇಕಲ್ವಾ, ಇದೇನೇ?" ಅಂದೆ ರಾತ್ರಿ ಮನೆಯಲ್ಲಿ.

"ನಿಧಾನವಾಗಿ ಹೇಳ್ತೀನಿ, ಮಲಗಿ" ಅಂದಳು.

ಅದನ್ನು ಹೇಳುವ ಮೊದಲೇ ಕಾಯಿಲೆ ಬಿದ್ದು ತೀರಿಕೊಂಡಳು. ಈಗ ಅವಳ ಜಾಗದಲ್ಲಿ ಯಂತ್ರದ ಜೊತೆ ಇಬ್ಬರು ಕೂತು ನೂರಕ್ಕೆ ನೂರೂ ನಮೂನೆ ತೋರಿಸುತ್ತಾರೆ. ಮದುವೆ ಮನೆಯವರು ಸಂಜೆಯಾದರೂ ಏಳುವುದಿಲ್ಲ.