ಹೊಳೆಯುವ ಕೊಪ್ಪರಿಗೆ

"ಗುರುಗಳೇ, ನಮ್ಮ ಹಸು ಸತ್ತಿತು. ನೆರೆಮನೆಯವನ ಹಸು ಚೆನ್ನಾಗಿಯೇ ಇದೆ. ಅವನೇ ಏನೋ ಮಾಡಿಸಿದ್ದಾನೆ ಎನ್ನಲು ಇನ್ನೇನು ಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಹಿಂದೆ ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆಯವರಿಗೆ ತಾಮ್ರದ ಕೊಪ್ಪರಿಗೆಯಲ್ಲಿ ಅಡುಗೆ, ಆಳುಗಳಿಗೆ ಮಣ್ಣಿನ ಮಡಕೆಯಲ್ಲಿ. ಎರಡನ್ನೂ ಬೇಯಿಸುವವಳು ಒಬ್ಬಳೇ. ಅವಳು ವಿಧವೆ. ಆ ಮನೆಯ ಒಲೆ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಅವಳು ಉಣ್ಣುತ್ತಿದ್ದುದೂ ಮಡಕೆಯದನ್ನೇ.

ತಾಮ್ರದ ಪಾತ್ರೆಯ ಒಳಮೈಗೆ ತವರದ ಕಲಾಯಿ ಇರಬೇಕು. ಇಲ್ಲದಿದ್ದರೆ ಹುಳಿ ಕುದಿಯುವಾಗ ತಾಮ್ರ ಅದರೊಳಗೆ ಇಳಿದು ಅಡುಗೆ ವಿಷವಾಗುತ್ತದೆ. ವರ್ತಕನಿಗಾದರೋ ಕೊಪ್ಪರಿಗೆ ಒಳಗೂ ಹೊರಗೂ ಹೊಳೆಯಬೇಕು. ದಿನವೂ ಹುಣಸೆಹಣ್ಣು, ಮರಳು ಹಾಕಿ ಉಜ್ಜಿಸುತ್ತಿದ್ದ. ಕಲಾಯಿ ಸವೆದು ಒಳಗಿನ ಕೆಂಪು ಕಾಣಿಸಿದಾಗ ಹಿಗ್ಗಿದ.

ಒಂದು ದಿನ ಹುಳಿ ಉಂಡ ಮನೆಯವರೆಲ್ಲ ವಾಂತಿ ಮಾಡಿಕೊಂಡರು. ವರ್ತಕನ ತಾಯಿ ಹಾಸಿಗೆ ಹಿಡಿದಳು. ಆಳುಗಳಿಗೆ ಏನೂ ಆಗಲಿಲ್ಲ.

ವರ್ತಕ ಅಡುಗೆಯವಳನ್ನು ಕರೆಸಿದ. "ನಾವು ಸಾಯುವಂತಾದೆವು. ನೀನು ಗುಂಡುಕಲ್ಲಿನ ಹಾಗೆ ನಿಂತಿದ್ದೀಯ. ಏನು ಹಾಕಿದೆ, ಹೇಳು."

"ಒಡೆಯಾ, ಎರಡಕ್ಕೂ ಒಂದೇ ಬೇಳೆ, ಒಂದೇ ಹುಣಸೆಹಣ್ಣು. ಪಾತ್ರೆ ಮಾತ್ರ ಬೇರೆ."

"ಪಾತ್ರೆಯ ಮೇಲೆ ಹೊರಿಸುತ್ತೀಯಾ? ನನ್ನ ಕೊಪ್ಪರಿಗೆಯಲ್ಲಿ ಮುಖ ಕಾಣುತ್ತದೆ. ನಿನ್ನ ಮಡಕೆಯಲ್ಲಿ ಮಸಿಯಲ್ಲದೆ ಏನು ಕಾಣುತ್ತದೆ?"

ನೆರೆದವರು ನಕ್ಕರು.

ಮಣ್ಣಿನ ಪಾತ್ರೆ ಮೈಲಿಗೆಯಾದರೆ ಒಡೆಯಬೇಕು, ಲೋಹದ್ದಾದರೆ ಉಜ್ಜಿ ಒಳಗೆ ತರಬೇಕು ಎಂಬುದು ಅಂದಿನ ರೂಢಿ. ಅವಳು ಮುಟ್ಟಿದ್ದೆಲ್ಲ ಮೈಲಿಗೆಯೆಂದು ಮಡಕೆಗಳನ್ನು ಒಡೆದರು. ಅಡುಗೆಯವಳನ್ನು ಊರ ಬಾಗಿಲಿನಾಚೆ ಅಟ್ಟಿದರು. ಕೊಪ್ಪರಿಗೆಯನ್ನು ಎಂದಿಗಿಂತ ಗಟ್ಟಿಯಾಗಿ ಉಜ್ಜಿದರು. ಅಲ್ಲಲ್ಲಿ ಉಳಿದಿದ್ದ ಕಲಾಯಿಯೂ ಹೋಯಿತು.

ಹೊಸ ಅಡುಗೆಯವನು ಬಂದ. ಕುಂಬಾರನಿಂದ ಬೇರೆ ಮಡಕೆ ಬರುವವರೆಗೆ ಆಳುಗಳಿಗೂ ಕೊಪ್ಪರಿಗೆಯ ಹುಳಿಯನ್ನೇ ಬಡಿಸಿದ. ಈ ಸಲ ಒಡೆಯ, ಆಳು, ಅಡುಗೆಯವ ಎಲ್ಲರೂ ವಾಂತಿ ಮಾಡಿಕೊಂಡು ಮಲಗಿದರು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆಗಲಾದರೂ ವರ್ತಕನಿಗೆ ತಿಳಿಯಿತೇ?" ಎಂದು ಶಿಷ್ಯ ಕೇಳಿದ.

"ತಿಳಿಯಿತು. ಊರಾಚೆಯ ಆ ವಿಧವೆಗೆ ಮಾತ್ರ ಈ ಸಲವೂ ಏನೂ ಆಗಿಲ್ಲ ಎಂದು."