ಪ್ರೊಫೆಸರರ ಐನೂರು ಗೃಹಿಣಿಯರು

ಸಮಾಜಶಾಸ್ತ್ರದ ಪ್ರೊಫೆಸರ್ ಭುಜಂಗರಾಯರು ಐನೂರು ಗೃಹಿಣಿಯರ ಮನಸ್ಸು ತಿಳಿಯಲು ಹೊರಟಿದ್ದರು. ತಮ್ಮ ಪರವಾಗಿ ಮನೆಮನೆ ಸುತ್ತಿ ಪ್ರಶ್ನೆ ಕೇಳುತ್ತಿದ್ದ ಕೆಂಪಮ್ಮನನ್ನು ಮನೆಗೆ ಕರೆಸಿದರು.

"ನಾಳೆಯಿಂದ ನೀನು ಬರಬೇಡಮ್ಮ. ಬೀದಿ, ವಯಸ್ಸು ಹೇಳಿದ್ರೆ ಸಾಕು, ಎಲ್ಲರ ಉತ್ತರಾನೂ ಕೂತಲ್ಲೇ ಎಐ ಕೊಡುತ್ತೆ!" ಎಂದು ಲ್ಯಾಪ್‌ಟಾಪ್ ತಟ್ಟಿದರು.

ಕೆಲಸ ಹೋಯಿತೆಂದು ಕೆಂಪಮ್ಮ ಅಳಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಲೋಟದ ಸದ್ದಾಗುವವರೆಗೆ ಕಾದಳು.

"ಅದನ್ನ ಒಂದೇ ಒಂದು ಪ್ರಶ್ನೆ ಕೇಳಿ ಸಾರ್. ಇದೇ ಬೀದಿ, ಐವತ್ತೈದು ವರ್ಷದ ಹೆಂಗಸು, ಗಂಡ ಪ್ರೊಫೆಸರು. ಸುಖವಾಗಿದ್ದೀರಾ ಅಂತ."

ಎಐ ಕೊಟ್ಟ ಉತ್ತರವನ್ನು ರಾಯರು ಹೆಮ್ಮೆಯಿಂದ ಗಟ್ಟಿಯಾಗಿ ಓದಿದರು: "ತುಂಬಾ ಸುಖವಾಗಿದ್ದೇನೆ. ನಮ್ಮ ಯಜಮಾನರು ನನ್ನ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ. ಅಡುಗೆಗೂ ಕೈಜೋಡಿಸುತ್ತಾರೆ."

ಕಾಫಿ ತಂದ ಅವರ ಹೆಂಡತಿ ಅಲ್ಲೇ ನಿಂತರು. "ಯಾರ್ರೀ ಆ ಪುಣ್ಯವಂತೆ?"

ರಾಯರು ಲ್ಯಾಪ್‌ಟಾಪ್ ಮುಚ್ಚಿದರು.

"ನಾಳೆಯಿಂದ ಮನೆಮನೆಗೆ ಹೋಗಮ್ಮ," ಎಂದರು ಮೆಲ್ಲಗೆ. "ಈ ಬೀದಿ ಒಂದು ಬಿಟ್ಟು."