ಮೊದಲ ಬೋಲ್ಟಿನ ಬಿಗಿ

ಗುಡ್ಡದ ರಸ್ತೆಯ ಕಾರು ಪಂದ್ಯಕ್ಕೆ ಇನ್ನೆರಡು ಗಂಟೆಯಿತ್ತು. ಮಾಳಿಂಗ ಮನೆಯಂಗಳದಲ್ಲೇ ತನ್ನ ಕೆಂಪು ಕಾರಿನ ಇಂಜಿನ್ನಿಗೆ ಹೊಸ ಹೊಗೆಕೊಳವೆ ಕೂಡಿಸುತ್ತಿದ್ದ. ಕೊಳವೆಗೆ ಎಂಟು ಬೋಲ್ಟು. ಮೊದಲು ಒಳಹೊಕ್ಕ ಬೋಲ್ಟಿಗೆ ಹಿಗ್ಗೋ ಹಿಗ್ಗು.

"ಕಾರು ಇವತ್ತು ಗುಡುಗೋದು ನನ್ನಿಂದ ಕಣ್ರೋ! ಬಿಗಿ ಮಾಳಿಂಗ, ಇನ್ನೂ ಬಿಗಿ!"

ಮಾಳಿಂಗನೂ ಅಂಥವನೇ. ಸ್ಪ್ಯಾನರಿಗೆ ಜೋತುಬಿದ್ದು ಅದೊಂದನ್ನೇ ಕೊನೆಯ ಸುತ್ತಿನವರೆಗೂ ಬಿಗಿದುಬಿಟ್ಟ. ಮುಂದಿನ ಆರು ಹೇಗೋ ಕೂತವು. ಆದರೆ ಒಂದೇ ಕಡೆ ಬಿಗಿದಿದ್ದರಿಂದ ಕೊಳವೆ ಓರೆಯಾಗಿ, ಎಂಟನೆಯದಕ್ಕೆ ತೂತೇ ಸಿಗಲಿಲ್ಲ.

"ಅಣ್ಣಾ, ನೀನು ಒಂಚೂರು ಸಡಿಲಾಗು," ಎಂದಿತು ಎಂಟನೆಯದು.

"ಕೊನೇಲಿ ಬಂದೋನಿಗೋಸ್ಕರ ನಾನು ಸಡಿಲಾಗಬೇಕಾ? ನೀನಿಲ್ದೆ ಇದ್ರೂ ನಡೆಯುತ್ತೆ, ಹೋಗೋ ಕುಳ್ಳ!"

ಮಾಳಿಂಗ ಏಳು ಬೋಲ್ಟಲ್ಲೇ ಕೀಲಿ ತಿರುಗಿಸಿದ. ಗುಡುಗು ಎಲ್ಲಿಯದು? ಬೋಲ್ಟಿಲ್ಲದ ಕಡೆಯ ಸಂದಿಯಿಂದ ಹೊಗೆ ನುಗ್ಗಿ, ಕಾರು ನೆಗಡಿಯಾದ ಎಮ್ಮೆಯ ಹಾಗೆ ಪುಸುಗುಟ್ಟಿತು. ಪಕ್ಕದ ಮನೆಯ ಟ್ರ್ಯಾಕ್ಟರು ಬಿದ್ದು ಬಿದ್ದು ನಕ್ಕಿತು.

ಮೊದಲ ಬೋಲ್ಟಿಗೆ ಮುಖ ಎತ್ತಲಾಗಲಿಲ್ಲ. "ಮಾಳಿಂಗ, ಸ್ಪ್ಯಾನರು ತಗೋ. ಮೊದಲು ನನ್ನನ್ನೇ ಸಡಿಲಿಸು," ಎಂದಿತು.

ಈ ಸಲ ಎಂಟೂ ಸಡಿಲವಾಗಿ ಕೂತವು. ಆಮೇಲೆ ಸರದಿಯ ಮೇಲೆ ಒಂದೊಂದೇ ಸುತ್ತು ಬಿಗಿಸಿಕೊಂಡವು. ಕೀಲಿ ತಿರುಗಿತು. ಕಾರು ಗುಡುಗಿದ್ದೇ ಗುಡುಗಿದ್ದು, ಅಂಗಳದ ಕೋಳಿಗಳೆಲ್ಲ ಮಾಡು ಹತ್ತಿದವು!

"ಅಣ್ಣಾ, ಮೈಯೆಲ್ಲ ನಡುಗ್ತಿದೆ!" ಎಂದು ಪಂದ್ಯ ಶುರುವಾಗುತ್ತಲೇ ಎಂಟನೆಯದು ಚೀರಿತು.

"ಗಟ್ಟಿಯಾಗಿ ಹಿಡ್ಕೋ ತಮ್ಮಾ," ಎಂದಿತು ಮೊದಲನೆಯದು, "ಗುಡ್ಡ ಬಂತು!"